ಹಾವಿನ ಮರಿಯ ಆಹಾರ: ನಂಜನಗೂಡು, ತಿ.ನರಸೀಪುರ ಸೀಮೆಯ ಹಿನ್ನೆಲೆಯಲ್ಲಿ

ಹಾವಿನ ಮರಿ ಹುಟ್ಟಿದ ದಿನದಿಂದಲೇ ಒಂಟಿ. ಹಾಲೂಡುವ ತಾಯಿಯಿಲ್ಲ, ಗುಟುಕು ತಂದುಕೊಡುವವರಿಲ್ಲ. ಮೊದಲ ಬೇಟೆಯನ್ನು ಅದೇ ಗುರುತಿಸಬೇಕು, ಅದೇ ಹಿಡಿಯಬೇಕು, ಇಡಿಯಾಗಿ ನುಂಗಬೇಕು. ಗದ್ದೆಯ ಬದುವಿನಲ್ಲಿ ಇದು ತಾನಾಗಿ ನಡೆದುಹೋಗುತ್ತದೆ. ಮನುಷ್ಯರ ಕೈಗೆ ಸಿಕ್ಕ ಮರಿಯಲ್ಲಿ ಮಾತ್ರ ಇದೇ ದೊಡ್ಡ ತೊಡಕು. ಮೃಗಾಲಯವಿರಲಿ, ವಿದೇಶಿ ಹಾವು ಸಾಕುವ ಮನೆಯಿರಲಿ, ಮರಿ ಆಹಾರ ಮುಟ್ಟುತ್ತಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಹುಡುಕುತ್ತ ಹೋದರೆ ಚಳಿ, ಅವಿತುಕೊಳ್ಳಲು ಜಾಗವಿಲ್ಲದ ಭಯ, ಪದೇ ಪದೇ ಮುಟ್ಟುವ ಕೈ, ಇವುಗಳಲ್ಲಿ ಒಂದು ಕಾರಣವಾಗಿ ಸಿಗುವುದೇ ಹೆಚ್ಚು. ಬೆಚ್ಚಗಿದ್ದು, ತನ್ನನ್ನು ಯಾರೂ ನೋಡುತ್ತಿಲ್ಲ ಎಂಬ ಧೈರ್ಯ ಬಂದ ಮರಿ ಸಾಮಾನ್ಯವಾಗಿ ತಿನ್ನುತ್ತದೆ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳಲ್ಲಿ ಹಾವಿನ ಮರಿ ಕಾಣಸಿಗುವುದು ಅಪರೂಪವಲ್ಲ. ನಂಜನಗೂಡು ಕಪಿಲೆಯ ದಂಡೆಯ ಊರು. ಅದೇ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ಕಬಿನಿ ನಾಲೆಗಳು, ತಲಕಾಡಿನ ಕಡೆ ಮಾಧವಮಂತ್ರಿ ಅಣೆಕಟ್ಟೆಯ ನೀರು, ಇವುಗಳಿಂದ ಭತ್ತ, ಕಬ್ಬು, ಬಾಳೆ ಬೆಳೆಯುವ ಸೀಮೆ ಇದು. ಭತ್ತವಿದ್ದಲ್ಲಿ ಇಲಿ, ನೀರಿದ್ದಲ್ಲಿ ಕಪ್ಪೆ. ಎರಡನ್ನೂ ಅರಸಿ ಹಾವು ಬರುತ್ತದೆ. ತಿಪ್ಪೆಗುಂಡಿ ತೋಡುವಾಗ, ಹುಲ್ಲುಮೆದೆ ಕೀಳುವಾಗ, ಕಬ್ಬಿನ ತರಗು ತೆಗೆಯುವಾಗ ಹಾವಿನ ಮೊಟ್ಟೆಗಳು ಬಯಲಾಗುತ್ತವೆ. ಮುಂಗಾರು ಹಿಡಿದ ಮೇಲೆ ಅಂಗಳದಲ್ಲಿ, ಬಚ್ಚಲ ಮೋರಿಯ ಬಳಿ ಗೇಣುದ್ದದ ಮರಿಗಳು ಓಡಾಡುತ್ತವೆ.

ಒಡಲಲ್ಲಿಯ ಬುತ್ತಿ

ಮರಿ ಹುಟ್ಟುವಾಗ ಮೊಟ್ಟೆಯ ಹಳದಿಯ ಉಳಿಕೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಹೊರಬರುತ್ತದೆ. ಆ ಬುತ್ತಿ ಮೊದಲ ಒಂದೆರಡು ವಾರಕ್ಕೆ ಸಾಕು. ಬಹುಪಾಲು ಜಾತಿಗಳಲ್ಲಿ ಹುಟ್ಟಿದ 7ರಿಂದ 14 ದಿನಗಳ ಸುಮಾರಿಗೆ ಮರಿ ಮೊದಲ ಪೊರೆ ಬಿಡುತ್ತದೆ. ಬೇಟೆಯ ಹಂಬಲ ಹುಟ್ಟುವುದು ಸಾಮಾನ್ಯವಾಗಿ ಆಮೇಲೆಯೇ. ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿ ನೀಲಿಗಟ್ಟುತ್ತದೆ, ದೃಷ್ಟಿ ಕುಂದುತ್ತದೆ. ಆಗ ಏನು ಕೊಟ್ಟರೂ ಮರಿ ಮುಖ ತಿರುಗಿಸುವುದು ಆರೋಗ್ಯದ ಲಕ್ಷಣವೇ. ಮೊಟ್ಟೆಯೊಡೆದು ಮೂರು ದಿನವಾಯಿತು, ಇನ್ನೂ ಏನೂ ತಿಂದಿಲ್ಲ ಎಂದು ಗಾಬರಿಯಾಗಿ ಬಾಯಿ ಬಿಡಿಸಿ ತುರುಕುವವರು ಒಳ್ಳೆಯ ಮನಸ್ಸಿನಿಂದಲೇ ಮರಿಯನ್ನು ಕೊಲ್ಲುತ್ತಾರೆ. ಮೊದಲ ವಾರಗಳಲ್ಲಿ ಅದಕ್ಕೆ ಬೇಕಾದ್ದು ತೇವ, ಹದವಾದ ಬಿಸಿ ಮತ್ತು ಕುಡಿಯಲು ನೀರು.

ಯಾವ ಮರಿಗೆ ಯಾವ ತುತ್ತು

ದೊಡ್ಡ ಹಾವು ತಿನ್ನುವುದನ್ನೇ ಮರಿಯೂ ತಿನ್ನುತ್ತದೆಂದು ಭಾವಿಸುವುದು ತಪ್ಪು. ಬೆಳೆದ ಕೇರೆಹಾವು ಹೆಗ್ಗಣವನ್ನೇ ನುಂಗಬಲ್ಲದು. ಅದರ ಮರಿಯ ಬಾಯಿಗೆ ಹಿಡಿಸುವುದು ಪುಟ್ಟ ಕಪ್ಪೆ, ಹಲ್ಲಿಮರಿ, ಹಾವುರಾಣಿ. ರೈತರು ಕೇರೆಯನ್ನು ಇಲಿಯ ವೈರಿಯೆಂದು ಮೆಚ್ಚುತ್ತಾರೆ. ಆದರೆ ಅದು ಇಲಿ ಹಿಡಿಯುವ ಗಾತ್ರಕ್ಕೆ ಬರುವ ತನಕ ಅದನ್ನು ಸಾಕುವುದು ಗದ್ದೆಯ ಕಪ್ಪೆಗಳು. ಕಪ್ಪೆ ಉಳಿಯದ ಗದ್ದೆಯಲ್ಲಿ ಕೇರೆಯ ಮರಿಗೆ ಬೆಳೆಯುವ ದಾರಿಯೇ ಕಿರಿದಾಗುತ್ತದೆ. 1987ರಲ್ಲಿ ಭಾರತ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿದಾಗ ಕೀಟಗಳ ಹತೋಟಿಯ ಮಾತು ಮುಂದೆ ಬಂದಿತ್ತು. ಹಾವುಗಳಿಗೂ ಆ ತೀರ್ಮಾನದಿಂದ ಉಪಕಾರವಾಗಿದೆ ಎಂದು ಸೇರಿಸಿಕೊಳ್ಳುವುದು ನ್ಯಾಯ.

ನಾಗರಹಾವು ಬೇಸಿಗೆಯಿಂದ ಮುಂಗಾರಿನ ನಡುವೆ 12ರಿಂದ 30ರವರೆಗೆ ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತವೆ. ಗೇಣಿಗಿಂತ ತುಸು ಉದ್ದದ ಆ ಮರಿಗೆ ಹುಟ್ಟಿದೊಡನೆ ಹೆಡೆ ಬಿಚ್ಚಲು ಬರುತ್ತದೆ, ಕಚ್ಚಿದರೆ ವಿಷವೂ ಏರುತ್ತದೆ. ಅದರ ಮೊದಲ ಆಹಾರ ಸಣ್ಣ ಕಪ್ಪೆ ಮತ್ತು ಹಲ್ಲಿಗಳು. ಇಲಿಮರಿಯ ಸರದಿ ಆಮೇಲೆ. ಕೊಳಕುಮಂಡಲ ಮೊಟ್ಟೆಯಿಡದೆ ಮರಿ ಹಾಕುವ ಹಾವು, ಒಂದು ಸಲಕ್ಕೆ 20ರಿಂದ 40 ಮರಿ ಸಾಮಾನ್ಯ. ಬೆಳೆದ ಕೊಳಕುಮಂಡಲ ಇಲಿಗಾಗಿ ಹೊಲ ಕಾಯುತ್ತದೆ. ಅದರ ಮರಿಯೋ ಹಲ್ಲಿ, ಹಾವುರಾಣಿಗಳ ಜಾಡಿನಲ್ಲಿ ಕದಲದೆ ಮಲಗಿರುತ್ತದೆ. ಕಟ್ಟುಹಾವಿನ ರೀತಿಯೇ ಬೇರೆ. ಅದು ಇತರ ಹಾವುಗಳನ್ನು ತಿನ್ನುವ ಜಾತಿ. ಮರಿ ಮಣ್ಣಿನೊಳಗಿನ ಕುರುಡುಹಾವುಗಳನ್ನು ಹಿಡಿಯುತ್ತದೆ. ಎರೆಹುಳುವೆಂದು ಜನ ಭ್ರಮಿಸುವ ಆ ಕುರುಡುಹಾವು ಇರುವೆ, ಗೆದ್ದಲಿನ ಮೊಟ್ಟೆಮರಿಗಳನ್ನು ತಿಂದು ಬದುಕುವಂಥದ್ದು. ಹೀಗೆ ಹೂಕುಂಡದ ಮಣ್ಣಿನ ಗೆದ್ದಲಿಗೂ ಕಟ್ಟುಹಾವಿನ ಮರಿಗೂ ನಂಟಿದೆ.

ನಾಲೆ, ಕೆರೆಗಳ ನೀರೊಳ್ಳೆ ಹತ್ತಾರು ಮೊಟ್ಟೆ ಇಡುತ್ತದೆ. ಮರಿಗಳಿಗೆ ಗೊದಮೊಟ್ಟೆ, ಮೀನುಮರಿ ಧಾರಾಳವಾಗಿ ಸಿಗುವ ಕಾಲಕ್ಕೇ ಅವುಗಳ ಹುಟ್ಟು ಹೊಂದಿಕೊಂಡಿದೆ. ಮನೆಯ ಗೋಡೆ ಬಿರುಕಿನಲ್ಲಿರುವ ತೋಳದ ಹಾವು ಹಲ್ಲಿಯ ಮೇಲೆಯೇ ಬದುಕುತ್ತದೆ. ಮೈಮೇಲಿನ ಪಟ್ಟೆ ನೋಡಿ ಅದನ್ನು ಕಟ್ಟುಹಾವೆಂದು ಬಡಿದು ಹಾಕುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಕಬ್ಬಿನ ಗದ್ದೆಗೂ ನಾಲೆಯ ಏರಿಗೂ ಬರುವ ಹೆಬ್ಬಾವಿನ ಮರಿ ಮಾತ್ರ ಹುಟ್ಟುವಾಗಲೇ ಅರ್ಧ ಮೀಟರಿನಷ್ಟು ಉದ್ದ. ಅದು ಮೊದಲಿನಿಂದಲೇ ಇಲಿ, ಹಕ್ಕಿಯಂಥ ಬಿಸಿರಕ್ತದ ಬೇಟೆಯನ್ನು ಹಿಡಿಯಬಲ್ಲದು. ಹೆಬ್ಬಾವಿನ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸಿ ಶಾಖ ಕೊಡುತ್ತದೆ. ಮರಿ ಹೊರಬಂದ ಮೇಲೆ ಆ ಆರೈಕೆಯೂ ಮುಗಿಯಿತು.

ಆಹಾರವನ್ನು ಗುರುತಿಸುವ ಬಗೆ

ಎಂದೂ ಏನನ್ನೂ ತಿನ್ನದ ಮರಿಗೆ ತನ್ನ ಬೇಟೆ ಯಾವುದೆಂದು ತಿಳಿಯುವುದು ಹೇಗೆ? ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಗಾರ್ಡನ್ ಬರ್ಗಾರ್ಟ್ 1960ರ ದಶಕದಲ್ಲಿ ಇದನ್ನು ಸರಳ ಪ್ರಯೋಗದಿಂದ ತೋರಿಸಿದರು. ಎರೆಹುಳು, ಮೀನು ಮೊದಲಾದವುಗಳ ಮೈಯ ವಾಸನೆ ಇಳಿಸಿದ ನೀರಿನಲ್ಲಿ ಹತ್ತಿ ಅದ್ದಿ, ಆಗತಾನೇ ಹುಟ್ಟಿದ, ಆಹಾರ ಕಾಣದ ಮರಿಗಳ ಮುಂದೆ ಹಿಡಿದರು. ತಮ್ಮ ಜಾತಿ ತಿನ್ನುವ ಪ್ರಾಣಿಯ ವಾಸನೆಗೆ ಮರಿಗಳು ಬೇಗ ಬೇಗ ನಾಲಿಗೆ ಚಾಚಿದವು, ಹತ್ತಿಯನ್ನೇ ಕಚ್ಚಲು ಹೋದವು. ತಿನ್ನದ ಪ್ರಾಣಿಯ ವಾಸನೆಗೆ ಅಷ್ಟಾಗಿ ಸ್ಪಂದಿಸಲಿಲ್ಲ. ಅಂದರೆ ರುಚಿಯ ಅರಿವು ಹುಟ್ಟಿನೊಂದಿಗೇ ಬಂದದ್ದು. ಹಾವಿನ ಸೀಳುನಾಲಿಗೆ ಗಾಳಿಯ, ನೆಲದ ವಾಸನೆಯ ಕಣಗಳನ್ನು ಒಯ್ದು ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಹೆಬ್ಬಾವಿಗೆ ತುಟಿಯಂಚಿನ ಕುಳಿಗಳಿಂದ ಬೇಟೆಯ ಮೈಶಾಖವೂ ತಿಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇಲಿಯನ್ನು ಹೆಬ್ಬಾವಿನ ಮರಿ ಕಡೆಗಣಿಸುವುದಕ್ಕೆ ಇದೇ ಕಾರಣ. ಅದರ ಪಾಲಿಗೆ ತಣ್ಣಗಿರುವುದು ಬೇಟೆಯೇ ಆಗಿರುವುದಿಲ್ಲ.

ನುಂಗಿದ ಮೇಲಿನ ಕೆಲಸ ಇನ್ನೂ ದೊಡ್ಡದು. ಸ್ಟೀಫನ್ ಸೆಕಾರ್ ಮತ್ತು ಜರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮಾ ಹೆಬ್ಬಾವುಗಳ ಮೇಲೆ ನಡೆಸಿದ ಅಧ್ಯಯನಗಳ ಪ್ರಕಾರ, ಊಟವಾದ ಒಂದೆರಡು ದಿನಗಳಲ್ಲಿ ಹಾವಿನ ಸಣ್ಣಕರುಳಿನ ತೂಕ ದುಪ್ಪಟ್ಟಾಗುತ್ತದೆ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೃದಯದ ಹೃತ್ಕುಕ್ಷಿಯೂ 48 ಗಂಟೆಗಳಲ್ಲಿ ಶೇ. 40ರಷ್ಟು ಹಿಗ್ಗುವುದನ್ನು ದಾಖಲಿಸಿತು. ಹೊರಗಿನ ಶಾಖವಿಲ್ಲದೆ ಈ ಒಳಗಿನ ದುಡಿಮೆ ಸಾಗದು. ಚಳಿಯಲ್ಲಿ ನುಂಗಿದ ಆಹಾರ ಅರಗುವ ಮುನ್ನ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕುತ್ತದೆ.

ತನಿ, ಹಾಲು, ಹಾವಾಡಿಗ

ನಾಗರಪಂಚಮಿಯಂದು, ಷಷ್ಠಿಯಂದು ಹುತ್ತಕ್ಕೆ ಹಾಲಿನ ತನಿ ಎರೆಯುವುದು ಈ ಸೀಮೆಯ ಹೆಣ್ಣುಮಕ್ಕಳು ಶ್ರದ್ಧೆಯಿಂದ ನಡೆಸಿಕೊಂಡು ಬಂದ ಆಚರಣೆ. ಷಷ್ಠಿಯ ದಿನ ಮೈಸೂರಿನ ಹತ್ತಿರದ ಸಿದ್ಧಲಿಂಗಪುರದಲ್ಲಿ ಜನಸಾಗರವೇ ಸೇರುತ್ತದೆ. ವಿಷವುಂಡ ಶಿವ, ನಂಜುಂಡನ ಊರಾದ ನಂಜನಗೂಡಿನಲ್ಲಿ ಹಾವಿನ ಮೇಲಿನ ಭಕ್ತಿ ಸಹಜ. ಈ ಭಕ್ತಿಯಿಂದ ಅದೆಷ್ಟೋ ಹುತ್ತ, ಬನ, ಹಾವು ಉಳಿದಿವೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹಾಲು ಹಾವಿನ ಆಹಾರವಲ್ಲ ಎಂಬುದನ್ನು ಭಕ್ತಿಯ ಜೊತೆಗೇ ತಿಳಿದಿರಬೇಕು. ಸಸ್ತನಿಗಳಲ್ಲದ ಹಾವುಗಳ ಹೊಟ್ಟೆಗೆ ಹಾಲನ್ನು ಅರಗಿಸುವ ಏರ್ಪಾಡಿಲ್ಲ. ದಿನಗಟ್ಟಲೆ ನೀರು ಕಾಣದ ಹಾವು ಬಾಯಾರಿಕೆಗೆ ಹಾಲನ್ನು ಹೀರಬಹುದು. ಆಮೇಲೆ ಅತಿಸಾರವಾಗಿ, ಶ್ವಾಸನಾಳಕ್ಕೆ ಹಾಲು ನುಗ್ಗಿ ಸಾಯಲೂಬಹುದು. ಹಾವಾಡಿಗರ ಬುಟ್ಟಿಯಲ್ಲಿ ಹಾಲು ಕುಡಿಯುವಂತೆ ಕಾಣುತ್ತಿದ್ದ ನಾಗರಗಳು ಹೆಚ್ಚಾಗಿ ಹೀಗೆ ಒಣಗಿಸಿಟ್ಟವು. ಹಲ್ಲು ಕಿತ್ತ, ಕೆಲವೊಮ್ಮೆ ಬಾಯಿ ಹೊಲಿದ ಆ ಹಾವುಗಳು ಬೇಟೆ ಹಿಡಿಯಲಾರದೆ ಕೆಲವೇ ವಾರಗಳಲ್ಲಿ ಉಪವಾಸದಿಂದ ಸಾಯುತ್ತಿದ್ದವು. ಮೊಟ್ಟೆ ಒಡೆದು ಬಾಯಿಗೆ ಸುರಿಯುವುದು, ಹಸಿ ಮಾಂಸದ ತುಂಡು ತುರುಕುವುದು ಇವೂ ಅದೇ ಜಾತಿಯ ತಪ್ಪುಗಳು. ಹಾವಿಗೆ ಇಡೀ ಪ್ರಾಣಿಯೇ ಬೇಕು. ಮೂಳೆ, ಪಿತ್ತಜನಕಾಂಗ, ಚರ್ಮ ಸೇರಿದಾಗಲೇ ಸುಣ್ಣದಂಶವೂ ಜೀವಸತ್ವಗಳೂ ಸಾಲುತ್ತವೆ.

ಕಾನೂನು ಮತ್ತು ಊರಿನ ಮರಿ

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಅಡಿಯಲ್ಲಿ ನಾಗರ, ಕೇರೆ, ಕೊಳಕುಮಂಡಲ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದ ನಮ್ಮ ನೆಲದ ಹಾವುಗಳನ್ನು ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಅಪರಾಧ. ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷದವರೆಗೆ ಸೆರೆವಾಸವಿದೆ. ಹೀಗಾಗಿ ನಂಜನಗೂಡಿನ ಹಿತ್ತಿಲಲ್ಲಿ ಸಿಕ್ಕ ಕೇರೆಮರಿಯನ್ನು ಡಬ್ಬಿಯಲ್ಲಿಟ್ಟು ಸಾಕುತ್ತೇನೆ ಎಂಬುದಕ್ಕೆ ಅವಕಾಶವೇ ಇಲ್ಲ. ಮಣ್ಣುಮುಕ್ಕನನ್ನು ಎರಡು ತಲೆಯ ಹಾವೆಂದು, ನಿಧಿ ತೋರಿಸುವುದೆಂದು ನಂಬಿಸಿ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಲಕ್ಷಗಟ್ಟಲೆಗೆ ಮಾರುವ ದಂಧೆ ಕರ್ನಾಟಕದಲ್ಲಿ ಪೊಲೀಸರಿಗೆ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಬಡಪಾಯಿ ಹಾವು. ಮೊಂಡು ಬಾಲವೇ ಅದಕ್ಕೆ ಶಾಪವಾಗಿದೆ.

ಮೊಟ್ಟೆ ಅಥವಾ ಮರಿ ಸಿಕ್ಕಾಗ ಮಾಡಬೇಕಾದ್ದು ಅರಣ್ಯ ಇಲಾಖೆಗೆ ಇಲ್ಲವೇ ಇಲಾಖೆಯ ಒಪ್ಪಿಗೆಯಿರುವ ಉರಗ ರಕ್ಷಕರಿಗೆ ತಿಳಿಸುವುದು. ಮೈಸೂರಿನಲ್ಲಿ ಈ ಅರಿವು ಬೇರೂರಲು ಸ್ನೇಕ್ ಶ್ಯಾಮ್ ಎಂದೇ ಹೆಸರಾದ ಎಂ.ಎಸ್. ಬಾಲಸುಬ್ರಹ್ಮಣ್ಯ ಅವರು ದಶಕಗಳ ಕಾಲ ಮನೆಮನೆಗೆ ಹೋಗಿ ಹಾವು ಹಿಡಿದು ಬಿಟ್ಟದ್ದು ದೊಡ್ಡ ಕಾರಣ. ಹೊಡೆಯುವ ಬದಲು ಫೋನ್ ಮಾಡುವ ರೂಢಿ ಸುತ್ತಲಿನ ತಾಲ್ಲೂಕುಗಳಿಗೂ ಹರಡಿದೆ.

ಬಯಲಾದ ಮೊಟ್ಟೆಗಳನ್ನು ಕೆಲವು ರಕ್ಷಕರು ತೇವದ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಇಟ್ಟು ಮರಿ ಮಾಡಿಸುತ್ತಾರೆ. ಹಕ್ಕಿಯ ಮೊಟ್ಟೆಯಂತೆ ಇವುಗಳನ್ನು ಹೊರಳಿಸಬಾರದು. ಇದ್ದ ಮಗ್ಗುಲಿನಲ್ಲೇ ಇರಬೇಕು, ಇಲ್ಲದಿದ್ದರೆ ಒಳಗಿನ ಭ್ರೂಣಕ್ಕೆ ಪೆಟ್ಟು. ಮರಿಗಳು ಹೊರಬಂದ ಮೇಲೆ ಅವಕ್ಕೆ ಊಟ ಕಲಿಸಲು ಕೂರುವುದು ಬೇಡ. ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುವಾಗಲೇ, ಮೊಟ್ಟೆ ಸಿಕ್ಕ ಜಾಗದ ಆಸುಪಾಸಿನಲ್ಲಿ, ಪೊದೆ ಮತ್ತು ನೀರು ಇರುವ ಕಡೆ ಬಿಡುವುದೇ ಸರಿ. ಬೇಟೆ ಅಲ್ಲಿದೆ, ಬೇಟೆಯ ಅರಿವು ಮರಿಯಲ್ಲಿದೆ. ಕೂಡಿಹಾಕಿ ವಾರಗಟ್ಟಲೆ ತಿನ್ನಿಸಲು ಹೆಣಗಿದಷ್ಟೂ ಅದು ಸೊರಗುತ್ತದೆ. ಒಂದೇ ಕಡೆ ಇಪ್ಪತ್ತು ಮೂವತ್ತು ಮರಿಗಳನ್ನು ಸುರಿಯದೆ ಸ್ವಲ್ಪ ಸ್ವಲ್ಪ ದೂರ ಚದುರಿಸಿ ಬಿಟ್ಟರೆ ಒಳಿತು.

ಸಾಕು ಹಾವಿನ ಮರಿ: ಮನೆಯೊಳಗಿನ ಕ್ರಮ

ಭಾರತದಲ್ಲಿ ಸಾಕಲು ಅವಕಾಶವಿರುವುದು ವಿದೇಶಿ ಜಾತಿಗಳಿಗಷ್ಟೇ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್, ಉತ್ತರ ಅಮೆರಿಕದ ಕಾರ್ನ್ ಸ್ನೇಕ್ ಇವುಗಳಲ್ಲಿ ಹೆಚ್ಚು ಪರಿಚಿತ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ದಾಖಲೆಯಿಲ್ಲದ ಮರಿಯನ್ನು ಅಗ್ಗವೆಂದು ಕೊಳ್ಳುವುದು ಕಳ್ಳಸಾಗಣೆಗೆ ಕೈಜೋಡಿಸಿದಂತೆ.

ಹೊಸದಾಗಿ ಬಂದ ಮರಿಯನ್ನು ಮೊದಲ ಐದಾರು ದಿನ ಮುಟ್ಟಲೇಬಾರದು, ಆಹಾರವನ್ನೂ ಒಡ್ಡಬಾರದು. ಪೆಟ್ಟಿಗೆ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಎಣಿಕೆ ಮರಿಯ ವಿಷಯದಲ್ಲಿ ಸುಳ್ಳು. ವಿಶಾಲವಾದ, ಬರಿದಾದ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಎಲ್ಲ ಕಡೆಯಿಂದಲೂ ಅಪಾಯವೇ ಕಾಣುತ್ತದೆ. ಚಿಕ್ಕ ಪೆಟ್ಟಿಗೆ, ಅದರಲ್ಲಿ ಬಿಸಿ ಬದಿಗೊಂದು ತಂಪು ಬದಿಗೊಂದು ಅವಿತುಕೊಳ್ಳುವ ಗೂಡು, ಮೈ ಗೂಡಿನ ಗೋಡೆಗೆ ತಾಗುವಷ್ಟು ಇಕ್ಕಟ್ಟು, ಇಷ್ಟಿದ್ದರೆ ಮರಿ ನೆಮ್ಮದಿಯಾಗುತ್ತದೆ. ಬಾಲ್ ಪೈಥಾನ್‌ಗೆ ಬಿಸಿ ಬದಿ 31-32 ಡಿಗ್ರಿ, ತಂಪು ಬದಿ 25-26 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಮೈಸೂರು ಸೀಮೆಯ ಬೇಸಿಗೆಯಲ್ಲಿ ಶಾಖದ ಚಿಂತೆಯಿಲ್ಲ ಎನಿಸಿದರೂ ಧನುರ್ಮಾಸದ ರಾತ್ರಿಗಳಲ್ಲಿ ಇಲ್ಲಿ 16 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆಗ ಪೆಟ್ಟಿಗೆಯ ಕೆಳಗೆ ಶಾಖದ ಹಾಸು ಬೇಕು, ಅದಕ್ಕೆ ಥರ್ಮೋಸ್ಟಾಟ್ ಇರಲೇಬೇಕು. ನಿಯಂತ್ರಣವಿಲ್ಲದ ಹಾಸಿನ ಮೇಲೆ ಹೊಟ್ಟೆ ಸುಟ್ಟುಕೊಂಡರೂ ಹಾವು ಕೂಡಲೇ ಜಾಗ ಬಿಡುವುದಿಲ್ಲ. ರಾತ್ರಿ ವಿದ್ಯುತ್ ಹೋದರೆ ಆ ವಾರದ ಊಟವನ್ನು ಮುಂದೂಡುವುದು ಜಾಣತನ.

ತುತ್ತಿನ ಗಾತ್ರಕ್ಕೆ ಒಂದು ನೆಚ್ಚಬಹುದಾದ ಅಳತೆಯಿದೆ: ಬೇಟೆಯ ದಪ್ಪ ಮರಿಯ ನಡುಮೈಯ ದಪ್ಪವನ್ನು ಹೆಚ್ಚು ಮೀರಬಾರದು. ಕಾರ್ನ್ ಸ್ನೇಕ್ ಮರಿಗೆ ಇನ್ನೂ ಕೂದಲು ಮೂಡದ, ಎರಡು ಮೂರು ಗ್ರಾಂ ತೂಗುವ ಸುಂಡಿಲಿಯ ಮರಿ ಸಾಕು. ಬಾಲ್ ಪೈಥಾನ್ ಮರಿಗೆ ತನ್ನ ತೂಕದ ಶೇ. 10ರಿಂದ 15ರಷ್ಟು. ಐದರಿಂದ ಏಳು ದಿನಕ್ಕೊಮ್ಮೆ ಕೊಡಬೇಕು. ಘನೀಕರಿಸಿಟ್ಟ ಇಲಿಮರಿಯನ್ನು ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಪೂರ್ತಿ ಕರಗಿಸಿ, ಕೊಡುವ ಮುನ್ನ ಬಿಸಿನೀರಿನಲ್ಲಿಟ್ಟು ಜೀವಂತ ಇಲಿಯ ಮೈಬಿಸಿಗೆ ತರಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಒಳಗೆ ಬೆಂದು ಒಡೆಯುತ್ತದೆ. ಉದ್ದನೆಯ ಚಿಮಟದಿಂದ ಹಿಡಿದು ಮುಸ್ಸಂಜೆಯ ಮೇಲೆ, ದೀಪ ಕಡಿಮೆ ಮಾಡಿ, ಗೂಡಿನ ಬಾಯಿಯ ಹತ್ತಿರ ಮೆಲ್ಲಗೆ ಅಲುಗಿಸಬೇಕು. ಮುಖಕ್ಕೆ ನೇರವಾಗಿ ಚುಚ್ಚಿದರೆ ಮರಿ ಹೆದರಿ ಹಿಂದೆ ಸರಿಯುತ್ತದೆ, ಮುಂದಿನ ಸಲವೂ ಆ ಹೆದರಿಕೆ ಉಳಿಯುತ್ತದೆ.

ಜೀವಂತ ಇಲಿ ಬಿಡುವುದನ್ನು ಈ ಲೇಖನ ಒಪ್ಪುವುದಿಲ್ಲ. ಹಸಿವಿಲ್ಲದ ಹಾವನ್ನು ಇಲಿಯೇ ಕಡಿದು ತಿಂದ ನಿದರ್ಶನಗಳು ಬೇಕಾದಷ್ಟಿವೆ. ಇಲಿಯ ಸಂಕಟವೂ ಸಣ್ಣದಲ್ಲ. ಹೊಲದ ಇಲಿ ಹಿಡಿದು ತರುವುದು ಇನ್ನೂ ಅಪಾಯಕರ. ಭತ್ತ, ಕಬ್ಬಿನ ಹೊಲಗಳಲ್ಲಿ ಇಲಿಪಾಷಾಣವಾಗಿ ಜಿಂಕ್ ಫಾಸ್ಫೈಡ್ ಮತ್ತು ಬ್ರೊಮಾಡಯೊಲೋನ್ ಬಳಸುತ್ತಾರೆ. ಬ್ರೊಮಾಡಯೊಲೋನ್ ತಿಂದ ಇಲಿ ಕೆಲವು ದಿನ ಬದುಕಿದ್ದು ನಿಧಾನವಾಗಿ ಸಾಯುತ್ತದೆ, ನೋಡುವವರಿಗೆ ಅದು ಸೋತ ಇಲಿಯಷ್ಟೇ. ಅದನ್ನು ನುಂಗಿದ ಹಾವಿನೊಳಕ್ಕೂ ವಿಷ ಸೇರುತ್ತದೆ. ಗದ್ದೆಯ ಕಪ್ಪೆ ತಂದರೆ ಹುಳುವಿನ ಕಾಟ ಬೇರೆ.

ಇಷ್ಟೆಲ್ಲ ಸರಿಯಿದ್ದೂ ಮರಿ ತಿನ್ನದಿದ್ದರೆ ಬಲವಂತಕ್ಕೆ ಮುನ್ನ ಹಲವು ದಾರಿಗಳಿವೆ. ಇಲಿಮರಿಯನ್ನು ಸೋಪಿಲ್ಲದೆ ತೊಳೆದು ಕೊಡುವುದು. ಗಾಳಿಯಾಡುವ ಸಣ್ಣ ಡಬ್ಬಿಯಲ್ಲಿ ಮರಿಯನ್ನೂ ತುತ್ತನ್ನೂ ಇಟ್ಟು ಕತ್ತಲಲ್ಲಿ ರಾತ್ರಿಯಿಡೀ ಬಿಡುವುದು. ಕಾಡಿನಲ್ಲಿ ಹಲ್ಲಿ ತಿನ್ನುವ ಕಾರ್ನ್ ಸ್ನೇಕ್ ಮರಿಗೆ ಇಲಿಮರಿಯ ಮೈಗೆ ಹಲ್ಲಿಯ ವಾಸನೆ ತಾಗಿಸುವುದು. ಬರ್ಗಾರ್ಟ್ ಅವರ ಹತ್ತಿಯ ಪ್ರಯೋಗ ಇಲ್ಲಿ ಸಾಕುವವರ ಕೈಗೆ ಉಪಕರಣವಾಗಿ ಬಂದಿದೆ. ಒಂದು ಪ್ರಯತ್ನ ವಿಫಲವಾದರೆ ಐದು ದಿನ ಸುಮ್ಮನಿರಬೇಕು. ದಿನವೂ ಒಡ್ಡುವುದರಿಂದ ಹಸಿವು ಕೆರಳುವುದಿಲ್ಲ, ಭಯ ಬೆಳೆಯುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡುವುದು ಮುಖ್ಯ. ತೂಕ ನಿಂತಿದ್ದರೆ ಕಾಯಬಹುದು. ಇಳಿಯುತ್ತಲೇ ಹೋದರೆ, ಬೆನ್ನೆಲುಬಿನ ಏಣು ಎದ್ದರೆ, ಬಾಯಿಂದ ಜೊಲ್ಲು ಬಂದರೆ ಸರೀಸೃಪಗಳ ಅನುಭವವಿರುವ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಳಿಕೆಯಿಂದ ಉಣಿಸುವ ಕೆಲಸ ಅವರದೇ. ಹಾವಿನ ಶ್ವಾಸದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಅರೆಬರೆ ತಿಳಿದವರ ಕೈ ತಪ್ಪಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ.

ತಿಂದ ಮೇಲೆ ಕನಿಷ್ಠ 48 ಗಂಟೆ ಮರಿಯನ್ನು ಎತ್ತಬಾರದು. ಕಕ್ಕಿದರೆ ಹತ್ತರಿಂದ ಹದಿನಾಲ್ಕು ದಿನ ಬಿಡುವು ಕೊಟ್ಟು, ಶಾಖವನ್ನು ಸರಿಪಡಿಸಿ, ಮೊದಲಿಗಿಂತ ಚಿಕ್ಕ ತುತ್ತಿನಿಂದ ಮತ್ತೆ ತೊಡಗಬೇಕು. ಕಕ್ಕುವಾಗ ಹೊಟ್ಟೆಯ ಆಮ್ಲ ಅನ್ನನಾಳವನ್ನು ಸುಟ್ಟಿರುತ್ತದೆ, ಆತುರಪಟ್ಟರೆ ಎರಡನೇ ಸಲವೂ ಕಕ್ಕುತ್ತದೆ.

ಮೃಗಾಲಯಗಳ ಕಷ್ಟ ಬೇರೆ ತೆರನದು. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ನಾಡಿನ ಹಾವುಗಳನ್ನು ಹತ್ತಿರದಿಂದ ನೋಡಬಹುದು. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪ ಬಂಧನದಲ್ಲೇ ಮರಿ ಮಾಡಿದೆ. ಹಾವನ್ನೇ ತಿನ್ನುವ ಕಾಳಿಂಗದ ಮರಿಗೆ ಆಹಾರ ಹೊಂದಿಸುವುದು ಎಲ್ಲಕ್ಕಿಂತ ಕಠಿಣ. ಬೇರೆ ಆಹಾರಕ್ಕೆ ಹಾವಿನ ವಾಸನೆ ಹತ್ತಿಸಿ ಒಗ್ಗಿಸುವ ಉಪಾಯವನ್ನು ಮೃಗಾಲಯಗಳು ಬಳಸುತ್ತವೆ.

ಎಚ್ಚರಿಕೆ

ಅಂಗಳದಲ್ಲಿ ಸಿಕ್ಕ ಮರಿಗೆ ತಿನ್ನಿಸಲು ಹೋಗಿ ಕಚ್ಚಿಸಿಕೊಂಡರೆ ಮರಿಯ ಕಡಿತವೆಂದು ಕಡೆಗಣಿಸಬಾರದು. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಮರಿಗೂ ಪ್ರಾಣ ತೆಗೆಯುವ ವಿಷವಿದೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಕಾಣದೆಯೂ ಇರಬಹುದು. ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಕೈಕಾಲನ್ನು ಅಲುಗಿಸದೆ ನಂಜನಗೂಡು ಅಥವಾ ತಿ.ನರಸೀಪುರದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ತಡಮಾಡದೆ ಸೇರಿಸಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಿಗೆ ಇದು ಅನ್ವಯಿಸುತ್ತದೆ.